ನೋಯದ ಹೆಗಲು

ಸಂಜೆ ತನ್ನ ಕನ್ನಡಕದ ಅಂಗಡಿ ಮುಚ್ಚಿ ಮನೆಗೆ ಬಂದ ಮೇಲೆ ಕನ್ನಡಕದವನು ಅಂಗಿ ಬಿಚ್ಚಿ, ಅಡುಗೆಮನೆಯ ಮುಕ್ಕಾಲಿಯ ಮೇಲೆ ಗೋಡೆಗೆ ಮುಖ ಮಾಡಿ ಕೂರಬೇಕಾಗಿತ್ತು. ಹೆಂಡತಿ ಮುಲಾಮಿನ ಡಬ್ಬಿಯನ್ನು ಒಲೆಯ ಪಕ್ಕದಲ್ಲಿಟ್ಟು ಬೆಚ್ಚಗೆ ಮಾಡಿ, ಬೆರಳ ತುದಿಯಲ್ಲಿ ತೆಗೆದು, ಅವನ ಎಡ ಹೆಗಲಿಗೆ ಸಣ್ಣ ಸಣ್ಣ ಸುತ್ತುಗಳಲ್ಲಿ ತಿಕ್ಕುತ್ತಿದ್ದಳು. ಕತ್ತಿನ ಬುಡದಿಂದ ಕೀಲಿನವರೆಗೆ, ಕೀಲಿನಿಂದ ಮತ್ತೆ ಕತ್ತಿನ ಬುಡಕ್ಕೆ. ಎಲ್ಲಿ ಒತ್ತಿದರೂ ನೋಯುತ್ತಿರಲಿಲ್ಲ. ನೋಯುವುದಕ್ಕೆ ಕಾರಣವೇ ಇರಲಿಲ್ಲ; ಆ ಹೆಗಲಿಗೆ ಏನೂ ಆಗಿರಲಿಲ್ಲ. ಆದರೂ ಅವನು ಆಗಾಗ ಹಲ್ಲು ಕಚ್ಚಿ ‘ಸ್ಸ್’ ಎನ್ನುತ್ತಿದ್ದ. ಹಾಗೆ ಎಂದಾಗಲೆಲ್ಲ ಅವಳ ಬೆರಳುಗಳು ಇನ್ನಷ್ಟು ಮೆತ್ತಗಾಗುತ್ತಿದ್ದವು. ಆ ಮೆತ್ತನೆಯ ಸ್ಪರ್ಶವೇ ಅವನಿಗೆ ತಡೆಯಲಾರದ್ದಾಗಿತ್ತು.

“ಅಣ್ಣನಿಗೂ ಇದನ್ನೇ ಹಚ್ಚಿ ಬಂದೆ,” ಎಂದಳು ಅವಳು. “ಅವನಿಗೆ ಬೆನ್ನು, ನಿಮಗೆ ಹೆಗಲು. ನನ್ನ ಕೈಗೆ ಬೇರೆ ವಾಸನೆನೇ ಇಲ್ಲ ಈಗ. ಇಷ್ಟು ವರ್ಷ ಒಂದೇ ಪೆಟ್ಟಿಗೆ ಕೆಳಗೆ ನಡೆದ್ರಿ. ಹಾಸಿಗೆ ಹಿಡಿಯೋದನ್ನೂ ಜೋಡಿಯಾಗೇ ಹಿಡಿಯೋಣ ಅಂತ ಮಾತಾಡ್ಕೊಂಡಿದ್ರಾ ಹೇಗೆ?”

ಅವನು ನಗಲು ಹೋದ; ಗೋಡೆಗೆ ಮುಖ ಮಾಡಿ ಕುಳಿತಿದ್ದುದು ಒಳ್ಳೆಯದೇ ಆಯಿತು.

ಆ ಪೆಟ್ಟಿಗೆಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಊರಿನ ಚರ್ಚಿಗೆ ಸೇರಿದ ಗಂಡಸರದೊಂದು ಸಹೋದರ ಸಂಘವಿತ್ತು. ಅದಕ್ಕೆ ಉಸಿರುಗಟ್ಟಿ ಹೇಳಬೇಕಾದಷ್ಟು ಉದ್ದದ ಹೆಸರೊಂದು ಇದ್ದರೂ ಜನ ಅದನ್ನು ಹೆಗಲು ಸಂಘ ಎಂದೇ ಕರೆಯುತ್ತಿದ್ದರು. ಸತ್ತವರ ಪೆಟ್ಟಿಗೆಯನ್ನು ಚರ್ಚಿನಿಂದ ಸಮಾಧಿಭೂಮಿಯವರೆಗೆ ಹೆಗಲ ಮೇಲೆ ಒಯ್ಯುವುದು ಅದರ ಕೆಲಸ. ಗಾಡಿಗಳು ಬಂದ ಮೇಲೂ ಸಂಘ ಆ ಪದ್ಧತಿಯನ್ನು ಬಿಟ್ಟುಕೊಟ್ಟಿರಲಿಲ್ಲ. ಶಿಲುಬೆ ಹೊತ್ತು ಹೋಗುತ್ತಿದ್ದವನಿಗೆ ದಾರಿಹೋಕನೊಬ್ಬ ಹೆಗಲು ಕೊಟ್ಟನಲ್ಲ, ಆ ದಾರಿಹೋಕನೇ ಸಂಘದ ಮೂಲಪುರುಷ ಎಂದು ಹಿರಿಯರು ಹೇಳುತ್ತಿದ್ದರು. ಆಳುವವರು ಅಪರಾಧಿ ಎಂದು ತೀರ್ಮಾನಿಸಿದವನಿಗೆ ಅವನು ಹೆಗಲು ಕೊಟ್ಟ. ಏನು ಅಪರಾಧ ಎಂದು ಕೇಳುತ್ತ ನಿಲ್ಲಲಿಲ್ಲ. ಆದ್ದರಿಂದ ಸಂಘಕ್ಕೆ ಸೇರುವವನು ಮಾಡಬೇಕಾದ ಪ್ರತಿಜ್ಞೆಯ ಮೊದಲ ಮಾತೇ, ಪೆಟ್ಟಿಗೆಯೊಳಗೆ ಯಾರಿದ್ದಾರೆಂದು ಕೇಳುವುದಿಲ್ಲ ಎಂಬುದು.

ಹೊಸಬನನ್ನು ಸಂಘದ ಸಭಾಂಗಣದ ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲಿಸುತ್ತಿದ್ದರು. ತಲೆಯ ಎತ್ತರವನ್ನು ಯಾರೂ ಅಳೆಯುತ್ತಿರಲಿಲ್ಲ. ಹೆಗಲು ಮುಟ್ಟುವಲ್ಲಿ ಉಳಿಯಿಂದ ಒಂದು ಗೆರೆ ಕೊರೆಯುತ್ತಿದ್ದರು. ಒಂದೇ ಎತ್ತರಕ್ಕೆ ಗೆರೆ ಬಿದ್ದ ಇಬ್ಬರು ಅಂದಿನಿಂದ ಜೋಡಿ. ಪೆಟ್ಟಿಗೆಯ ಆಚೆ ಒಬ್ಬ, ಈಚೆ ಒಬ್ಬ. ಎಡಬದಿಯಲ್ಲಿ ನಡೆಯುವವನ ಬಲ ಹೆಗಲ ಮೇಲೆ ಪೆಟ್ಟಿಗೆ ಕೂರುತ್ತದೆ, ಬಲಬದಿಯವನ ಎಡ ಹೆಗಲ ಮೇಲೆ. ಒಳಬದಿಯ ತೋಳುಗಳನ್ನು ಪೆಟ್ಟಿಗೆಯಡಿ ಚಾಚಿ ಒಬ್ಬರ ಹೆಗಲನ್ನೊಬ್ಬರು ಹಿಡಿದುಕೊಳ್ಳುತ್ತಾರೆ. ಚರ್ಚಿನಿಂದ ಸಮಾಧಿಭೂಮಿಗೆ ಇಳಿಜಾರು. ಇಳಿಯುವಾಗ ಪೆಟ್ಟಿಗೆ ಮುಗ್ಗರಿಸಬಾರದೆಂದರೆ ಎತ್ತರದವರು ಮುಂದಿರಬೇಕು, ಗಿಡ್ಡವರು ಹಿಂದಿರಬೇಕು. ಊರಿನಲ್ಲೇ ಎತ್ತರದ ಇಬ್ಬರೆಂದರೆ ಕನ್ನಡಕದವನು ಮತ್ತು ಬೇಕರಿಯವನು. ಎಡಬದಿಗೆ ಇವನು, ಬಲಬದಿಗೆ ಅವನು. ಜನ ಇವರಿಗೆ ಏಣಿಜೋಡಿ ಎಂದು ಹೆಸರಿಟ್ಟಿದ್ದರು. ಹಳೆಯ ಬಲ್ಬು ಬದಲಾಯಿಸಬೇಕಾದಾಗ ಇವರನ್ನು ಕರೆಯಿರಿ ಎಂದು ಮದುವೆಮನೆಗಳಲ್ಲಿ ಗೇಲಿ ಮಾಡುತ್ತಿದ್ದರು.

ಮೊದಲ ಪೆಟ್ಟಿಗೆ ಹೊತ್ತ ದಿನವೇ ಬೇಕರಿಯವನು ಇವನನ್ನು ಮನೆಗೆ ಕರೆದುಕೊಂಡು ಹೋಗಿ, ಅವ್ವ, ನನ್ನಷ್ಟೇ ಉದ್ದದವನೊಬ್ಬ ಸಿಕ್ಕಿದ, ನಮ್ಮ ಬಾಗಿಲಿಗೆ ಇವನ ಹಣೆಯೂ ಬಡಿಯುತ್ತದೆ ನೋಡು ಎಂದಿದ್ದ. ಬಡಿದೂ ಬಡಿಯಿತು. ಒದ್ದೆ ಬಟ್ಟೆ ತಂದು ಹಣೆಗೆ ಒತ್ತಿದವಳು ಬೇಕರಿಯವನ ತಂಗಿ. ಇಂದು ಮುಲಾಮು ತಿಕ್ಕುತ್ತಿರುವವಳು ಅವಳೇ. ಹೀಗೆ ಉಳಿಯ ಒಂದು ಗೆರೆಯಿಂದ ಕನ್ನಡಕದವನಿಗೆ ಜೋಡಿ ಸಿಕ್ಕಿದ, ಭಾವ ಸಿಕ್ಕಿದ, ಸಂಸಾರವೂ ಸಿಕ್ಕಿತು.

ಅವನ ಇನ್ನೊಂದು ಋಣ ಅದಕ್ಕಿಂತ ಹಳೆಯದು. ಹಿಂದಿನ ಆಳ್ವಿಕೆಯಲ್ಲಿ ಚರ್ಚಿಗೆ ಬೀಗ ಬಿದ್ದಿತ್ತು. ಮನೆಯ ಕಿಟಕಿ ಮುಚ್ಚಿಕೊಂಡು ಮಕ್ಕಳಿಗೆ ಪ್ರಾರ್ಥನೆ ಕಲಿಸಿದ್ದಕ್ಕೆ ಅವನ ಅಪ್ಪನನ್ನು ಜೈಲಿಗೆ ಹಾಕಿದ್ದರು. ಆಮೇಲೆ ಈಗ ಆಳುತ್ತಿರುವ ಪಕ್ಷ ಗೆದ್ದಿತು, ಬೀಗ ಒಡೆಯಿತು, ಜೈಲಿನ ಬಾಗಿಲೂ ತೆರೆಯಿತು. ಚಳಿಯ ಒಂದು ಬೆಳಿಗ್ಗೆ ಅಪ್ಪ ಹೊರಬಂದಾಗ ಪಕ್ಷದ ನಾಯಕರು ಸ್ವತಃ ಗೇಟಿನ ಬಳಿ ಕಾಯುತ್ತಿದ್ದರು. ಮೈಮೇಲಿದ್ದ ಕೋಟನ್ನು ತೆಗೆದು, ನಡುಗುತ್ತಿದ್ದ ಅಪ್ಪನ ಹೆಗಲಿಗೆ ಹೊದಿಸಿದ್ದರು. ಕನ್ನಡಕದವನು ಆಗ ಅಮ್ಮನ ಕೈ ಹಿಡಿದು ಅಲ್ಲೇ ನಿಂತಿದ್ದ. ಆ ಕೋಟು ಈಗಲೂ ಅವನ ಬೀರುವಿನಲ್ಲಿತ್ತು. ಅವನು ಪಕ್ಷದ ಬಿಲ್ಲೆಯನ್ನು ಅಂಗಿಗೆ ಚುಚ್ಚಿಕೊಳ್ಳುತ್ತಿದ್ದುದು ಲಾಭಕ್ಕಾಗಿ ಅಲ್ಲ, ಭಯಕ್ಕೂ ಅಲ್ಲ. ದೇವರು ನಮ್ಮನ್ನು ಬಿಡಿಸಿದ್ದು ಯಾರ ಕೈಯಿಂದ ಎಂದು ಯಾರಾದರೂ ಕೇಳಿದ್ದರೆ ಅವನು ತಡವರಿಸದೆ ಆ ಕೋಟನ್ನು ತಂದು ತೋರಿಸುತ್ತಿದ್ದ.

ಎರಡು ಋಣಗಳೂ ಅಷ್ಟು ವರ್ಷ ಒಂದನ್ನೊಂದು ಮುಟ್ಟದೆ ಅವನಲ್ಲಿ ನೆಮ್ಮದಿಯಾಗಿದ್ದವು. ಅವು ಮುಖಾಮುಖಿಯಾದದ್ದು ಒಂದು ಭಾನುವಾರ.

ಅಂದು ಆರಾಧನೆ ಮುಗಿದು ಸಂಘದವರು ಸಭಾಂಗಣದಲ್ಲಿ ಸೇರಿದ್ದಾಗ, ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳು ಬಂದು ಚೌಕಟ್ಟಿನ ಬಳಿ ನಿಂತಳು. ಅವಳ ಮಗ ತೊಗಲು ಕಾರ್ಖಾನೆಯ ಕೆಲಸಗಾರ. ಮುಷ್ಕರದ ಸಮಯದಲ್ಲಿ ಕಾರ್ಖಾನೆಯ ಗೇಟಿನ ಮೇಲೆ ಹತ್ತಿ ನಿಂತು ಪಕ್ಷವನ್ನೂ ನಾಯಕರನ್ನೂ ಹೆಸರು ಹಿಡಿದು ಬೈದಿದ್ದ. ಪೊಲೀಸರು ಕರೆದುಕೊಂಡು ಹೋದರು. ಆಮೇಲೆ ಹೃದಯ ನಿಂತಿತು ಎಂದು ಹೇಳಿ ದೇಹವನ್ನು ಕೊಟ್ಟರು. ಅವಳು ಅಳುತ್ತಿರಲಿಲ್ಲ, ಯಾರನ್ನೂ ದೂರಲೂ ಇಲ್ಲ. ಸೋಮವಾರ ಬೆಳಿಗ್ಗೆ ಮಣ್ಣು ಮಾಡುವುದು, ಪಾದ್ರಿಗಳು ಒಪ್ಪಿದ್ದಾರೆ, ಮಗನಿಗೆ ಆರು ಹೆಗಲು ಬೇಕು ಎಂದಷ್ಟೇ ಹೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು. ಸಂಘ ಇಲ್ಲ ಎನ್ನಬಹುದೆಂಬುದು ಅವಳಿಗೆ ತೋಚಿರಲೇ ಇಲ್ಲ.

ಸಂಘದ ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ಟರು. ಅವರು ಎದ್ದು ನಿಂತು, ತರಗತಿಗೆ ಪಾಠ ಒಪ್ಪಿಸುವವರ ಹಾಗೆ ಮಾತು ಜೋಡಿಸಿದರು. ಸಂಘ ಯಾರನ್ನೂ ತಡೆಯುವುದಿಲ್ಲ. ಆದರೆ ಚರ್ಚಿನ ಬೀಗ ತೆಗೆಸಿದವರು ಯಾರೆಂಬುದನ್ನು ಮರೆಯಬಾರದು. ಹಾಕಿದ ಬೀಗವನ್ನು ತೆಗೆದ ಕೈಗೆ ಮತ್ತೆ ಹಾಕಲೂ ಬರುತ್ತದೆ. ಆದ್ದರಿಂದ ಪೆಟ್ಟಿಗೆ ಹೊರುವಾಗ ಹಾಕಿಕೊಳ್ಳುವ ಸಂಘದ ನೀಲಿ ಪಟ್ಟಿಯನ್ನು ಯಾರೂ ಧರಿಸುವಂತಿಲ್ಲ. ಹೋಗುವವರು ಅವರವರ ಮನಸ್ಸಾಕ್ಷಿಯಂತೆ ಹೋಗಬಹುದು. ಮನಸ್ಸಾಕ್ಷಿ ಎಂಬ ಪದವನ್ನು ಅವರು ಉಚ್ಚರಿಸಿದ ರೀತಿಗೆ ಅದು ಯಾರೂ ಕೂರಬಾರದ ಕುರ್ಚಿಯಂತೆ ಕೇಳಿಸಿತು. ಪಕ್ಷದ ಊರ ಕಾರ್ಯದರ್ಶಿಯೂ ಸಂಘದ ಸದಸ್ಯನೇ. ಅವನು ಎರಡನೇ ಸಾಲಿನಲ್ಲಿ ಕುಳಿತು ತನ್ನ ಟೋಪಿಯ ಒಳಗನ್ನು ನೋಡುತ್ತಿದ್ದ.

ಕೂಡಲೇ ಸಭೆಗೆ ಸೋಮವಾರದ ಕೆಲಸಗಳೆಲ್ಲ ನೆನಪಾದವು. ಒಬ್ಬನ ಅಂಗಡಿಗೆ ತಪಾಸಣೆಯವರು ಬರುವವರಿದ್ದರು. ಒಬ್ಬನ ಅತ್ತೆಗೆ ಸೋಮವಾರವೇ ಹಲ್ಲು ಕೀಳಿಸಬೇಕಾಗಿತ್ತು. ಇನ್ನೊಬ್ಬನ ಮಂಡಿ ಶನಿವಾರದಿಂದ ಊದಿಕೊಂಡಿತ್ತು. ಪಾಪ, ಆರಾಧನೆಯಲ್ಲಿ ಅಷ್ಟು ಹೊತ್ತು ಮೊಣಕಾಲೂರಿದ್ದಾಗ ಅವನಿಗೆ ಅದು ಗೊತ್ತಾಗಿರಲಿಲ್ಲ. ಕಟಿಂಗ್ ಅಂಗಡಿಯವನು, ಸಂಘದಲ್ಲೇ ಅತ್ಯಂತ ಗಿಡ್ಡ, ಕೈಯೆತ್ತಿ, ನಾನು ಬರುತ್ತೇನೆ, ನನ್ನನ್ನು ಹಿಂದೆ ಹಾಕಿ, ಹೇಗೂ ಯಾರಿಗೂ ಕಾಣುವುದಿಲ್ಲ ಎಂದ. ಒಬ್ಬಿಬ್ಬರು ನಕ್ಕರು.

ಬೇಕರಿಯವನು ಎದ್ದ. ಅವನು ಎದ್ದು ಮುಗಿಯುವುದಕ್ಕೆ ಯಾವಾಗಲೂ ಸ್ವಲ್ಪ ಹೊತ್ತು ಬೇಕಾಗುತ್ತಿತ್ತು.

“ಬೆಳಿಗ್ಗೆ ಬ್ರೆಡ್ ಇಳಿಸಿ ಬರ್ತೀನಿ. ಮುಂದಿನ ಎರಡು ಹೆಗಲು ಆಯ್ತಲ್ಲ,” ಎಂದು ಕನ್ನಡಕದವನ ಕಡೆ ನೋಡಿದ. ಬರುತ್ತೀಯಾ ಎಂದು ಕೇಳಲಿಲ್ಲ. ಕೇಳುವ ಅಭ್ಯಾಸ ಅವರಲ್ಲಿರಲಿಲ್ಲ.

ಕನ್ನಡಕದವನು ತಲೆಯಾಡಿಸಿದ. ತಲೆಯಾಡಿಸಿದಾಗ ಅವನ ಮನಸ್ಸಿನಲ್ಲಿ ಯಾವ ಕಪಟವೂ ಇರಲಿಲ್ಲ ಎಂಬುದನ್ನು ಹೇಳಲೇಬೇಕು. ನಿಜವಾಗಿ ಹೋಗುವವನೇ ಇದ್ದ.

ಅದೇ ಸಂಜೆ ಕಾರ್ಯದರ್ಶಿ ಅಂಗಡಿಗೆ ಬಂದ. ಭಾನುವಾರ ಅಂಗಡಿ ಮುಚ್ಚಿರುತ್ತದೆ. ಆದರೂ ಪಕ್ಕದ ಬಾಗಿಲು ತಟ್ಟಿ, ಕನ್ನಡಕ ಮೂಗಿನ ಮೇಲಿಂದ ಜಾರುತ್ತಿದೆ, ಒಂದು ನಿಮಿಷ ಎಂದ. ಕನ್ನಡಕದವನು ದೀಪ ಹಾಕಿ, ಕಡ್ಡಿಯನ್ನು ಬಿಸಿ ಮರಳಿನಲ್ಲಿ ಅದ್ದಿ ಮೆದುಮಾಡಿ, ಕಿವಿಯ ಹಿಂದಿನ ಬಾಗನ್ನು ಸರಿಪಡಿಸತೊಡಗಿದ. ಕಾರ್ಯದರ್ಶಿ ಬೆದರಿಸಲಿಲ್ಲ. ಬೆದರಿಸಿದ್ದರೆ ಎಷ್ಟೋ ಸುಲಭವಾಗುತ್ತಿತ್ತು. ಅವನು ನಾಯಕರ ಆರೋಗ್ಯದ ಸುದ್ದಿ ಹೇಳಿದ: ಮುದುಕರು ಹಾಸಿಗೆ ಬಿಟ್ಟು ಏಳುತ್ತಿಲ್ಲ, ಮಾತು ಕಡಿಮೆಯಾಗಿದೆ, ಹಳೆಯ ದಿನಗಳನ್ನಷ್ಟೇ ನೆನೆಸಿಕೊಳ್ಳುತ್ತಾರೆ. ಮೊನ್ನೆ ಜೈಲಿನ ಗೇಟಿನ ಆ ಬೆಳಿಗ್ಗೆಯನ್ನೂ ನೆನೆಸಿಕೊಂಡರಂತೆ.

“ಕೋಟು ಇನ್ನೂ ಇಟ್ಟಿದೀರಂತೆ. ಹೇಳಿದೆ ಅವರಿಗೆ. ಕಣ್ಣಲ್ಲಿ ನೀರು ಬಂತು,” ಎಂದು ಕನ್ನಡಕ ಹಾಕಿಕೊಂಡು ಕನ್ನಡಿಯಲ್ಲಿ ನೋಡಿಕೊಂಡ. “ಈಗ ಸರಿ ಕೂತಿದೆ. ಅದೇ ಮನೆಯ ಹೆಗಲು, ಅವರನ್ನ ಬೀದೀಲಿ ಬೈದವನ ಪೆಟ್ಟಿಗೆ ಕೆಳಗೆ ಅಂತ ನಾನಂತೂ ಅವರಿಗೆ ಹೇಳಲ್ಲಪ್ಪ. ಬೇರೆ ಯಾರಾದ್ರೂ ಹೇಳಿದ್ರೆ ಅಂತ ಯೋಚನೆ.”

ಅವನು ಹೋದ ಮೇಲೆ ಕನ್ನಡಕದವನು ಮರಳಿನ ಬಟ್ಟಲು ಆರುವವರೆಗೂ ಅಲ್ಲೇ ಕುಳಿತಿದ್ದ. ಸಾಯುತ್ತಿರುವ ಮುದುಕರೊಬ್ಬರ ಕಣ್ಣು ಅವನನ್ನು ನೋಡುತ್ತಿತ್ತು. ಸತ್ತುಹೋದ ಹುಡುಗನ ಮುಖವನ್ನು ಅವನು ಕಂಡೇ ಇರಲಿಲ್ಲ. ಆ ಅಸಮ ತೂಕದಲ್ಲಿ ಅವನು ಜಾರಿದ. ಭಾವನ ಬಳಿ ಹೋಗಿ, ನನ್ನಿಂದಾಗುವುದಿಲ್ಲ, ಕಾರಣ ಇಂಥದ್ದು ಎಂದು ಹೇಳಬಹುದಾಗಿತ್ತು. ಅದಕ್ಕೂ ಪೆಟ್ಟಿಗೆ ಹೊರುವುದಕ್ಕೆ ಬೇಕಾದಷ್ಟೇ ಧೈರ್ಯ ಬೇಕಾಗಿತ್ತು. ಅಷ್ಟು ಇದ್ದಿದ್ದರೆ ಪೆಟ್ಟಿಗೆಯನ್ನೇ ಹೊರುತ್ತಿದ್ದ.

ಸೋಮವಾರ ಬೆಳಿಗ್ಗೆ ಹೆಂಡತಿಗೆ, ನಿನ್ನೆ ಅಂಗಡಿಯಲ್ಲಿ ಮೇಲಿನ ಅಟ್ಟದಿಂದ ಪೆಟ್ಟಿಗೆ ಇಳಿಸುವಾಗ ಹೆಗಲು ಉಳುಕಿತು ಎಂದ. ಯಾವುದು ಎಂದು ಅವಳು ಕೇಳಿದಾಗ ಎಡಗಡೆಯದು ಎಂದ. ಬಲಗೈ ಅವನಿಗೆ ಬೇಕಾಗಿತ್ತು. ಮಸೂರಗಳ ಅಂಚು ಉಜ್ಜುವ ಕೆಲಸ ಬಾಕಿಯಿತ್ತು. ಸುಳ್ಳಿನಲ್ಲೂ ಕೆಲಸಕ್ಕೆ ಅಡ್ಡಿಯಾಗದಂತೆ ಏರ್ಪಾಟು ಮಾಡಿಕೊಳ್ಳುವಷ್ಟು ಅಚ್ಚುಕಟ್ಟಿನ ಮನುಷ್ಯ ಅವನು. ಅವಳು ತನ್ನ ಹಳೆಯ ಹೊದಿಕೆಯೊಂದನ್ನು ಹರಿದು, ಕತ್ತಿಗೆ ಜೋಲಿ ಕಟ್ಟಿ, ಎಡಗೈಯನ್ನು ಅದರಲ್ಲಿಟ್ಟಳು.

ಬೇಕರಿಯವನು ನೀಲಿ ಪಟ್ಟಿ ಧರಿಸಿಯೇ ಬಂದ. ಬಾಗಿಲಲ್ಲಿ ಅಭ್ಯಾಸದಂತೆ ತಲೆ ತಗ್ಗಿಸಿ ನಿಂತವನು ಜೋಲಿಯನ್ನು ನೋಡಿದ. ಕನ್ನಡಕದವನು ಅಟ್ಟದ ಕತೆಯನ್ನು ಹೇಳಿದ. ಬೇಕಾದದ್ದಕ್ಕಿಂತ ಉದ್ದವಾಗಿ ಹೇಳಿದ.

“ಎಡಗಡೆನಾ?” ಎಂದ ಬೇಕರಿಯವನು.

“ಹೂಂ ಭಾವ. ಎಡಗಡೆ.”

ಬೇಕರಿಯವನು ಏನೋ ಹೇಳಲು ಹೊರಟವನಂತೆ ಬಾಯಿ ತೆರೆದು ಮುಚ್ಚಿದ. ಆಮೇಲೆ, ಹುಷಾರು ಎಂದು, ತಂಗಿಗೆ ಬಿಸಿ ಬ್ರೆಡ್ಡಿನ ಪೊಟ್ಟಣ ಕೊಟ್ಟು, ಮತ್ತೆ ತಲೆ ತಗ್ಗಿಸಿ ಹೊರಗೆ ಹೋದ. ಮೆಟ್ಟಿಲಿಳಿಯುವಾಗ ಒಂದು ಸಲವೂ ಹಿಂದಿರುಗಿ ನೋಡಲಿಲ್ಲ.

ಅಂಗಡಿಯ ಕಿಟಕಿಯಿಂದ ಇಳಿಜಾರು ಪೂರ್ತಿ ಕಾಣುತ್ತಿತ್ತು. ನೋಡಬಾರದೆಂದು ಕನ್ನಡಕದವನು ಉಜ್ಜುವ ಕಲ್ಲಿನ ಮುಂದೆ ಕುಳಿತ. ಚರ್ಚಿನ ಗಂಟೆ ಬಡಿದಾಗ ಎದ್ದು ಹೋಗಿ ಗಾಜಿನ ಹಿಂದೆ ನಿಂತ. ಸಂಘದವರೆಂದರೆ ಇಬ್ಬರೇ. ಹಿಂದಿನ ನಾಲ್ವರು ತೊಗಲು ಕಾರ್ಖಾನೆಯವರು, ಎಂದೂ ಪೆಟ್ಟಿಗೆ ಹೊರದವರು. ಒಬ್ಬೊಬ್ಬರದು ಒಂದೊಂದು ಹೆಜ್ಜೆ. ಆದ್ದರಿಂದ ಹೊರಲು ಬಲ್ಲ ಇಬ್ಬರೂ ಮುಂದೆ ಬರಬೇಕಾಗಿತ್ತು. ಬಲಬದಿಗೆ ಬೇಕರಿಯವನು. ಎಡಬದಿಗೆ, ಕನ್ನಡಕದವನ ಜಾಗದಲ್ಲಿ, ಕಟಿಂಗ್ ಅಂಗಡಿಯವನು. ಎತ್ತರಕ್ಕೆಂದು ಹೆಗಲ ಮೇಲೆ ಟವೆಲುಗಳನ್ನು ಮಡಿಸಿ ಮಡಿಸಿ ಇಟ್ಟುಕೊಂಡಿದ್ದ. ಅಷ್ಟು ಟವೆಲು ಸಾಲುವಂತಿರಲಿಲ್ಲ. ನೆಟ್ಟಗೆ ನಿಂತರೆ ಪೆಟ್ಟಿಗೆ ಗಿಡ್ಡವನ ಮೇಲೆ ಉರುಳುತ್ತದೆ. ಅದಕ್ಕೆ ಬೇಕರಿಯವನು ಮೊಣಕಾಲು ಮಡಚಿ, ಸೊಂಟ ಬಗ್ಗಿಸಿ, ತನ್ನ ಎತ್ತರವನ್ನು ಅವನ ಎತ್ತರಕ್ಕೆ ಇಳಿಸಿಕೊಂಡಿದ್ದ. ಹಾಗೆಯೇ ಇಳಿಜಾರನ್ನೆಲ್ಲ ಇಳಿದ, ಅರ್ಧ ಕುಳಿತವನಂತೆ, ಇಡಿಯ ಭಾರವನ್ನು ಬಾಗಿದ ಬೆನ್ನಿನ ಮೇಲೆ ಹೊತ್ತು. ಹಿಂದೆ ಇಸ್ತ್ರಿಯವಳು ನಡೆಯುತ್ತಿದ್ದಳು. ಪೆಟ್ಟಿಗೆ ನೀರಿನ ಮಟ್ಟ ಇಟ್ಟು ನೋಡಿದಂತೆ ಸಮವಾಗಿ ಹೋಯಿತು.

ಮರುದಿನ ಬೇಕರಿಯವನು ಹಿಟ್ಟಿನ ತೊಟ್ಟಿಯ ಮೇಲೆ ಬಗ್ಗಿದವನು ಏಳಲಿಲ್ಲ. ಬೆನ್ನೆಲುಬಿನ ನಡುವಿನ ಬಿಲ್ಲೆ ಜಾರಿದೆ, ಹಲಗೆಯ ಮೇಲೆ ಅಂಗಾತ ಮಲಗಿರಬೇಕು, ಹಿಟ್ಟು ನಾದುವ ಮಾತನ್ನು ಸದ್ಯಕ್ಕೆ ಎತ್ತಬೇಡಿ ಎಂದು ಡಾಕ್ಟರು ಹೇಳಿದರು. ಅಂದಿನಿಂದ ಕನ್ನಡಕದವನ ಹೆಂಡತಿ ದಿನವೂ ಎರಡು ಮನೆಗಳ ನಡುವೆ ಮುಲಾಮಿನ ಡಬ್ಬಿ ಹೊತ್ತು ಓಡಾಡತೊಡಗಿದಳು. ಅವಳ ಗಂಡ ಎಡಗೈಯನ್ನು ಜೋಲಿಯಿಂದ ತೆಗೆಯುವ ದಿನವನ್ನು ಮುಂದಕ್ಕೆ ಹಾಕುತ್ತ ಹೋದ. ಬೇಗ ವಾಸಿಯಾದರೆ ಸುಳ್ಳು ಬಯಲಾದೀತು. ವಾಸಿಯಾಗದಿದ್ದರೆ ಅವಳ ಬೆರಳುಗಳು. ಭಾವನನ್ನು ನೋಡಲು ಹೋಗಬೇಕೆಂದು ದಿನವೂ ಹೊರಡುತ್ತಿದ್ದ, ಬೇಕರಿಯ ತಿರುವಿನಲ್ಲಿ ಯಾರೋ ಗಿರಾಕಿ ಬರುವುದಿದೆ ಎಂದು ನೆನಪಾಗಿ ಹಿಂದಿರುಗುತ್ತಿದ್ದ. ಪ್ರಾರ್ಥನೆಗೆ ಕುಳಿತರೂ ಅದೇ ತಿರುವು. ಪಾಪ ಎಂಬಲ್ಲಿಯವರೆಗೆ ಬಂದು ಹಿಂದಿರುಗುತ್ತಿದ್ದ.

ಹೀಗಿರುವಾಗ ನಾಯಕರು ತೀರಿಕೊಂಡರು. ಹೆಡ್‌ಮಾಸ್ಟರು ಅಂದೇ ಅಂಗಡಿಗೆ ಬಂದು, ಗಿರಾಕಿಗಳ ಕುರ್ಚಿಯಲ್ಲಿ ಕುಳಿತು, ಏರ್ಪಾಟುಗಳನ್ನು ವಿವರಿಸಿದರು. ಸಂಘವೇ ಹೊರುತ್ತದೆ. ಪೆಟ್ಟಿಗೆಯ ಮೇಲೆ ಪಕ್ಷದ ಬಾವುಟ ಹೊದಿಸಲಾಗುತ್ತದೆ. ಮುಂದೆ ಎಡಬದಿಗೆ ಕನ್ನಡಕದವನು. ಬೇಕರಿಯವನ ಬದಲು ಡ್ರಾಯಿಂಗ್ ಮೇಷ್ಟ್ರು, ಎತ್ತರ ಹೆಚ್ಚುಕಡಿಮೆ ಸರಿಹೊಂದುತ್ತದೆ.

ಕನ್ನಡಕದವನು ಜೋಲಿಯ ಕಡೆ ನೋಡಿಕೊಂಡ. ಹೆಡ್‌ಮಾಸ್ಟರು ಮುಗುಳ್ನಕ್ಕರು, ದಡ್ಡ ವಿದ್ಯಾರ್ಥಿಯ ಉತ್ತರದಲ್ಲಿ ಸಣ್ಣ ತಪ್ಪು ಕಂಡಾಗ ನಗುವ ನಗು.

“ಅದು ಎಡಗಡೆ ತಾನೇ? ನೀನು ಎಡಬದಿಯವನು. ಪೆಟ್ಟಿಗೆ ಕೂರೋದು ನಿನ್ನ ಬಲ ಹೆಗಲ ಮೇಲೆ. ಜೋಲಿ ಇದ್ರೂ ಅಡ್ಡಿ ಇಲ್ಲ. ನೋವಿದ್ದೂ ಹೊತ್ತ ಅಂತ ನೋಡೋರಿಗೂ ಚೆನ್ನಾಗಿ ಕಾಣುತ್ತೆ.”

ಅವರು ಟೋಪಿ ತೆಗೆದುಕೊಂಡು ಹೊರಟುಹೋದರು. ಕನ್ನಡಕದವನಿಗೆ ಎದ್ದು ಬೀಳ್ಕೊಡುವುದೂ ಆಗಲಿಲ್ಲ. ವರ್ಷಗಟ್ಟಲೆ ಹೊತ್ತ ಹೆಗಲನ್ನು ಬಿಟ್ಟು ಇನ್ನೊಂದಕ್ಕೆ ಅವನು ಜೋಲಿ ಕಟ್ಟಿಸಿಕೊಂಡಿದ್ದ. ಎಡ ಹೆಗಲು ಮುರಿದೇ ಹೋಗಿದ್ದರೂ ಆ ಸೋಮವಾರ ಅವನು ಹೊರಬಹುದಾಗಿತ್ತು. ಹೆಡ್‌ಮಾಸ್ಟರಿಗೆ ಅದು ಮೊದಲಿನಿಂದಲೂ ಗೊತ್ತಿತ್ತು. ಕಾರ್ಯದರ್ಶಿಗೆ ಗೊತ್ತಿತ್ತು, ಅತ್ತೆಯ ಹಲ್ಲಿನವನಿಗೆ, ಮಂಡಿಯವನಿಗೆ, ಪೆಟ್ಟಿಗೆಯಡಿ ಒಮ್ಮೆಯಾದರೂ ನಡೆದ ಪ್ರತಿಯೊಬ್ಬನಿಗೂ ಗೊತ್ತಿತ್ತು. ಅವರೆಲ್ಲ ಬೀದಿಯಲ್ಲಿ ಅವನ ಹೆಗಲನ್ನು ವಿಚಾರಿಸಿ, ಬೇಗ ಗುಣವಾಗಲಿ ಎಂದು ಹಾರೈಸಿದ್ದರು, ಏಕೆಂದರೆ ಅವರವರ ಮಂಡಿಗಳೂ ಅತ್ತೆಯಂದಿರೂ ಅದೇ ಜೋಲಿಯಲ್ಲಿದ್ದರು. ಗೊತ್ತಿಲ್ಲದಿದ್ದವಳು ಒಬ್ಬಳೇ: ಎಷ್ಟೋ ಮೆರವಣಿಗೆಗಳನ್ನು ನೋಡಿದ್ದರೂ, ಯಾರದು ಯಾವ ಹೆಗಲೆಂದು ಗಮನಿಸಬೇಕಾಗಿ ಬಂದಿರದ ಅವನ ಹೆಂಡತಿ.

ಆಮೇಲೆ ಅವನಿಗೆ ಬಾಗಿಲಲ್ಲಿ ನಿಂತಿದ್ದ ಭಾವ ನೆನಪಾದ. ಎಡಗಡೆನಾ?

ಈ ಸಲ ಅವನು ಬೇಕರಿಯ ತಿರುವಿನಲ್ಲಿ ನಿಲ್ಲಲಿಲ್ಲ.

ಹಿಂದಿನ ಕೋಣೆಯಲ್ಲಿ ಬೇಕರಿಯವನು ಹಲಗೆಯ ಮೇಲೆ ಅಂಗಾತ ಮಲಗಿದ್ದ. ಯಾವ ಮಂಚಕ್ಕೂ ಅವನು ಪೂರ್ತಿ ಹಿಡಿಸುತ್ತಿರಲಿಲ್ಲ. ಪಾದಗಳು ಹಲಗೆಯಾಚೆ ಗಾಳಿಯಲ್ಲಿದ್ದವು. ಗೋಡೆಯ ಆಚೆ ಒಲೆ ಆರಿ ತಣ್ಣಗಿತ್ತು. ಕನ್ನಡಕದವನು ಕೂರದೆ, ಜೋಲಿಯನ್ನು ಕತ್ತಿನಿಂದ ತೆಗೆದು ಕೈಯಲ್ಲಿ ಮುದುರಿ ಹಿಡಿದು ಹೇಳಿದ.

“ಹೆಗಲಿಗೆ ಏನೂ ಆಗಿರಲಿಲ್ಲ ಭಾವ.”

“ಗೊತ್ತು.”

“ಬಾಗಿಲಲ್ಲೇ ಗೊತ್ತಾಯ್ತಾ?”

“ಎಡಗಡೆ ಅಂದ್ಯಲ್ಲ.”

“ಮತ್ತೆ ಯಾಕೆ ಬಿಟ್ರಿ? ಅಲ್ಲೇ ಕೇಳಬಹುದಿತ್ತಲ್ಲ, ಹೊರೋದು ಬಲಗಡೆ ಅಲ್ವೇನೋ ಅಂತ.”

ಬೇಕರಿಯವನು ಛಾವಣಿಯನ್ನೇ ನೋಡುತ್ತಿದ್ದ. “ಕೇಳಿದ್ರೆ, ಬಲಗಡೆನೂ ಉಳುಕಿದೆ ಅಂದುಬಿಡ್ತೀಯೇನೋ ಅಂತ ಹೆದರಿಕೆ ಆಯ್ತು. ಒಂದು ಸುಳ್ಳು ಆದ್ರೆ ಹೇಗೋ ನುಂಗಿಕೊಂಡು ನಡೀಬಹುದು.”

ಕನ್ನಡಕದವನು ಕಾರ್ಯದರ್ಶಿಯ ವಿಷಯ, ಕೋಟಿನ ವಿಷಯ, ಮುದುಕರ ಕಣ್ಣೀರಿನ ವಿಷಯ ಎಲ್ಲವನ್ನೂ ಹೇಳಿದ. ಹೇಳುತ್ತ ಹೋದಂತೆ ಅವು ಕಾರಣಗಳಾಗದೆ ಬರೀ ನಡೆದ ಸಂಗತಿಗಳಾಗಿ ಉಳಿದವು. ಬೇಕರಿಯವನು ಕೊನೆಗೆ, ಹುಡುಗ ಹಗುರವಾಗಿದ್ದ ಎಂದಷ್ಟೇ ಹೇಳಿದ. ಆ ಉದ್ದದ ಆಳಿಗೆ ಇರಬೇಕಾದ ತೂಕ ಇರಲಿಲ್ಲ, ಸರಿಯಾದ ಜೋಡಿ ಇದ್ದಿದ್ದರೆ ಹೊತ್ತದ್ದೇ ಗೊತ್ತಾಗುತ್ತಿರಲಿಲ್ಲ.

ಕನ್ನಡಕದವನು ನಾಯಕರ ಪೆಟ್ಟಿಗೆಯನ್ನು ತಾನು ಹೊರುವುದಿಲ್ಲ, ಹೆಡ್‌ಮಾಸ್ಟರಿಗೆ ಮುಖದ ಮೇಲೆ ಹೇಳಿಬಿಡುತ್ತೇನೆ ಎಂದ. ಹಾಗೆ ಹೇಳುವಾಗ ಅವನ ಎದೆ ಸ್ವಲ್ಪ ಹಗುರವಾಯಿತು. ಬೇಕರಿಯವನು ಮೊದಲ ಬಾರಿಗೆ ಕತ್ತು ಹೊರಳಿಸಿ ಅವನನ್ನು ನೋಡಿದ. ಹೊರಳಿಸಿದ್ದಕ್ಕೆ ನೋವಾಗಿ ಕಣ್ಣು ಮುಚ್ಚಿದ.

“ಒಳಗೆ ಯಾರು ಅಂತ ನೋಡಿ ಆವತ್ತು ಬಿಟ್ಟೆ. ಒಳಗೆ ಯಾರು ಅಂತ ನೋಡಿ ಇವತ್ತೂ ಬಿಡ್ತೀಯಾ? ಹೊರು ಹೋಗು.” ಕಣ್ಣು ತೆರೆದು, “ನನ್ನ ತಂಗಿಗೆ ಹೇಳಿದ್ಯಾ?” ಎಂದ.

“ಇಲ್ಲ.”

“ನಾನು ಹೇಳಲ್ಲ. ನೀನೇ ಹೇಳು.”

ಕ್ಷಮಿಸಿದೆ ಎಂದು ಅವನು ಹೇಳಲಿಲ್ಲ, ಇವನು ಕೇಳಲೂ ಇಲ್ಲ.

ಶವಯಾತ್ರೆಯ ದಿನ ಕನ್ನಡಕದವನು ಜೋಲಿಯಿಲ್ಲದೆ ಬಂದದ್ದು ಹೆಡ್‌ಮಾಸ್ಟರಿಗೆ ಹಿಡಿಸಲಿಲ್ಲ. ಅದಕ್ಕಿಂತ ಹಿಡಿಸದೆ ಹೋದದ್ದು ಅವನು ಕೇಳಿದ ಮಾತು. ತನ್ನ ಎದುರಿಗೆ ಡ್ರಾಯಿಂಗ್ ಮೇಷ್ಟ್ರು ಬೇಡ, ಕಟಿಂಗ್ ಅಂಗಡಿಯವನು ಬರಲಿ ಎಂದ. ಅವರು ಚೌಕಟ್ಟಿನ ಗೆರೆಗಳನ್ನು ತೋರಿಸಿದರು. ಬಾವುಟ ಓರೆಯಾಗುತ್ತದೆ, ಊರೆಲ್ಲ ನೋಡುತ್ತದೆ ಎಂದರು. ಓರೆಯಾಗದಂತೆ ನೋಡಿಕೊಳ್ಳುವ ಹೊಣೆ ನನ್ನದು ಎಂದ ಅವನು. ನನ್ನ ಎಡ ಹೆಗಲಿನ ವಿಷಯ ನಿಮಗೆಲ್ಲ ಗೊತ್ತೇ ಇದೆಯಲ್ಲ ಎಂದೂ ಸೇರಿಸಿದ, ಎಲ್ಲರಿಗೂ ಕೇಳುವಂತೆ. ಮಂಡಿಯವನು ನೆಲ ನೋಡಿದ. ಗಂಟೆ ಬಡಿಯತೊಡಗಿತ್ತು, ವಾದಕ್ಕೆ ಸಮಯವಿರಲಿಲ್ಲ.

ನಾಯಕರು ಭಾರವಾಗಿದ್ದರು. ಕನ್ನಡಕದವನು ಮೊಣಕಾಲು ಮಡಚಿದ, ಸೊಂಟ ಬಗ್ಗಿಸಿದ, ಪೆಟ್ಟಿಗೆಯಡಿ ಬಲಗೈ ಚಾಚಿ ಗಿಡ್ಡವನ ಹೆಗಲನ್ನು ಹಿಡಿದ. ಅಲ್ಲಿ ಭಾವನ ಹೆಗಲಿರಬೇಕಾಗಿತ್ತು. ಇಳಿಜಾರು ಆರಂಭವಾದ ಕೂಡಲೇ ಪೆಟ್ಟಿಗೆಯ ಅಂಚು ಅವನ ಬಲ ಹೆಗಲಿನ ಮೂಳೆಯನ್ನು ಹುಡುಕಿಕೊಂಡು ಬಂದು ಕುಳಿತಿತು. ತೊಡೆಗಳು ನಡುಗತೊಡಗಿದವು. ಅವನು ಅಪ್ಪನನ್ನು ನೆನೆದ, ಕೋಟನ್ನು ನೆನೆದ; ಆ ಋಣ ಸುಳ್ಳಾಗಿರಲಿಲ್ಲ, ಈಗ ಹೊರುತ್ತಿರುವಾಗಲೂ ಅದಕ್ಕೆ ಅವನ ಕಣ್ಣು ತುಂಬಿತು. ಆದರೆ ಪ್ರತಿ ಹೆಜ್ಜೆಯಲ್ಲೂ ಅವನು ಲೆಕ್ಕ ಹಾಕುತ್ತಿದ್ದುದು ಬೇರೆ: ಭಾವ ಇಲ್ಲಿಯವರೆಗೂ ಹೀಗೇ ಬಂದಿದ್ದ, ಇಲ್ಲಿಯವರೆಗೂ.

“ಸ್ವಲ್ಪ ನೆಟ್ಟಗಾಗಿ ಅಣ್ಣಾ,” ಎಂದು ಕಟಿಂಗ್ ಅಂಗಡಿಯವನು ಪೆಟ್ಟಿಗೆಯಡಿಯಿಂದ ಪಿಸುಗುಟ್ಟಿದ. “ನನ್ನ ಕಡೆ ವಾಲಿದ್ರೂ ಪರವಾಗಿಲ್ಲ, ಇವತ್ತು ಟವೆಲು ಜಾಸ್ತಿ ತಂದಿದೀನಿ. ಆವತ್ತು ನಿಮ್ಮ ಭಾವನೂ ನಾನು ಹೇಳಿದ್ದು ಕೇಳಲಿಲ್ಲ.”

ಕನ್ನಡಕದವನು ನೆಟ್ಟಗಾಗಲಿಲ್ಲ. ಲಾಂಡ್ರಿಯ ಬಾಗಿಲಲ್ಲಿ ಇಸ್ತ್ರಿಯವಳು ನಿಂತಿದ್ದಳು. ಎಲ್ಲ ಪೆಟ್ಟಿಗೆಗಳಿಗೂ ನಿಲ್ಲುವ ಹಾಗೆ ಈ ಪೆಟ್ಟಿಗೆಗೂ ತಲೆ ಬಾಗಿಸಿ, ಹಣೆಯಿಂದ ಎದೆಗೆ ಶಿಲುಬೆಯ ಗುರುತು ಹಾಕಿಕೊಂಡಳು. ಅವಳ ಕಣ್ಣು ಅವನ ಮೇಲೆ ಬಿತ್ತೋ ಇಲ್ಲವೋ ಅವನಿಗೆ ತಿಳಿಯಲಿಲ್ಲ, ಬಗ್ಗಿದವನಿಗೆ ಅವಳ ಪಾದಗಳಷ್ಟೇ ಕಂಡವು.

ಸಂಜೆ ಅವನಿಗೆ ಅಂಗಿ ಬಿಚ್ಚಲು ಹೆಂಡತಿಯ ಸಹಾಯ ಬೇಕಾಯಿತು. ಮುಕ್ಕಾಲಿಯ ಮೇಲೆ ಗೋಡೆಗೆ ಮುಖ ಮಾಡಿ ಕುಳಿತ. ದಾರಿಯುದ್ದಕ್ಕೂ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದ. ಬಾಯಿ ತೆರೆಯುವಷ್ಟರಲ್ಲಿ ಅವಳ ಬೆರಳುಗಳು ಅಭ್ಯಾಸದಂತೆ ಎಡ ಹೆಗಲಿಗೆ ಬಂದು, ಅಲ್ಲೇ ನಿಂತವು. ಅವಳು ಬಲ ಹೆಗಲನ್ನು ನೋಡುತ್ತಿದ್ದಳು. ಪೆಟ್ಟಿಗೆಯ ಅಂಚು ಕುಳಿತಲ್ಲಿ ಚರ್ಮ ಕಂದಿ, ಸುತ್ತ ನೀಲಿಗಟ್ಟಿತ್ತು.

“ನೀವು ಹೊರೋದು ಈ ಕಡೆನಾ?”

“ಹೂಂ.”

“ಯಾವಾಗ್ಲೂ?”

“ಯಾವಾಗ್ಲೂ ಈ ಕಡೆನೇ.”

ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಅವಳು ಅದನ್ನು ಇಳಿಸಲು ಹೋಗಲಿಲ್ಲ.

“ಹಾಗಾದ್ರೆ ಆವತ್ತು,” ಎಂದಳು ಅವಳು, ಎಡ ಹೆಗಲ ಮೇಲೆ ಒಂದು ಬೆರಳಿಟ್ಟು, “ಇದು ನೋಯ್ತಿದ್ರೂ ಅಣ್ಣನ ಜೊತೆ ಹೋಗಬಹುದಿತ್ತಲ್ಲ.”

“ಹೋಗಬಹುದಿತ್ತು.” ಅವನು ಗೋಡೆಯನ್ನೇ ನೋಡುತ್ತಿದ್ದ. ಜೋಡಿಸಿಕೊಂಡಿದ್ದ ಮಾತುಗಳಲ್ಲಿ ಒಂದೂ ಕೈಗೆ ಸಿಗಲಿಲ್ಲ. “ಅದು ನೋಯ್ತಾನೂ ಇರಲಿಲ್ಲ ಕಣೇ. ಒಂದು ದಿನವೂ ನೋಯಲಿಲ್ಲ.”

ಡಬ್ಬಿಯಿಂದ ಮುಲಾಮು ತೆಗೆಯುವ ಸದ್ದು ಕೇಳಿಸಿತು. ಬೆರಳುಗಳು ಬಲ ಹೆಗಲಿಗೆ ಬಂದವು. ಕತ್ತಿನ ಬುಡದಿಂದ ಆರಂಭಿಸಿ, ನೀಲಿಗಟ್ಟಿದ ಜಾಗವನ್ನು ಸುತ್ತು ಬಳಸದೆ, ಅದರ ನಟ್ಟನಡುವೆಯೇ ಒತ್ತಿ ತಿಕ್ಕತೊಡಗಿದವು. ಅವುಗಳಲ್ಲಿ ಮೆತ್ತನೆಯದು ಏನೂ ಉಳಿದಿರಲಿಲ್ಲ. ಅವನಿಗೆ ಕಣ್ಣು ಕತ್ತಲಿಟ್ಟಿತು. ಸದ್ದು ಮಾಡದೆ ಕುಳಿತಿದ್ದ.